‘ಮುದುಕಿಯ ಕೈಗಳು’ ಎಂದು ಹೆಸರಾದ ಅಜ್ಜಿಗೊಂದು ಬಹಿರಂಗ ಪತ್ರ



ನಿಮ್ಮನ್ನು ಒಂದು ಮಾತೂ ಕೇಳದೆ ನಡೆದುಹೋದ ಸಂಗತಿಯೊಂದನ್ನು ನಿಮಗೆ ತಿಳಿಸಬೇಕಾಗಿದೆ. 1960ರ ದಶಕದಲ್ಲಿ ಫ್ರಾನ್ಸಿನ ಸಂಶೋಧಕರು ನಿಮ್ಮ ಎರಡು ಕೈಗಳ ಫೋಟೋವನ್ನು ಜನರ ಮುಂದೆ ಹಿಡಿದು, ನೋಡಿದರೆ ಏನನ್ನಿಸುತ್ತದೆ ಎಂದು ಕೇಳಿದರು. ಕಾರ್ಖಾನೆಯ ಕಾರ್ಮಿಕರು, ಗುಮಾಸ್ತರು, ಎಂಜಿನಿಯರುಗಳು ಉತ್ತರ ಕೊಟ್ಟರು. ಬಂದ ಉತ್ತರಗಳನ್ನು ಬರೆದುಕೊಂಡು, ಹೇಳಿದವರ ಕಸುಬನ್ನೂ ಪಕ್ಕದಲ್ಲಿ ನಮೂದಿಸಿದರು. 1979ರಲ್ಲಿ ಅದೆಲ್ಲ ಒಂದು ದಪ್ಪ ಪುಸ್ತಕವಾಯಿತು. ಪಿಯೆರ್ ಬೋರ್ದ್ಯೂ ಬರೆದ ‘ಡಿಸ್ಟಿಂಕ್ಷನ್’ ಇಂದಿಗೂ ಜಗತ್ತಿನ ಸಮಾಜಶಾಸ್ತ್ರ ವಿಭಾಗಗಳಲ್ಲೆಲ್ಲ ಓದಿಸುವ ಪುಸ್ತಕ. ಅದರಲ್ಲಿ ನೀವಿದ್ದೀರಿ. ಅಲ್ಲಿ ನಿಮಗಿರುವ ಹೆಸರು ‘ಮುದುಕಿಯ ಕೈಗಳು’, ಅಷ್ಟೇ.

ಆ ಕೈಗಳ ಬಗ್ಗೆ ಯಾರು ಏನು ಹೇಳಿದರು ಎಂಬುದನ್ನು ತಿಳಿಯುವ ಹಕ್ಕು ಎಲ್ಲರಿಗಿಂತ ಮೊದಲು ನಿಮಗಿತ್ತು. ಪ್ಯಾರಿಸ್ಸಿನ ಕೂಲಿ ಕಾರ್ಮಿಕನೊಬ್ಬ ನಿಮ್ಮ ಬೆರಳುಗಳು ಸೊಟ್ಟಗಾಗಿರುವುದನ್ನು ಕಂಡು ಮರುಗಿದ. ಸಂಧಿವಾತ ಇರಬೇಕು, ಜೀವಮಾನವೆಲ್ಲ ಗೇಯ್ದ ಹೆಂಗಸಿರಬೇಕು ಎಂದು ಲೆಕ್ಕ ಹಾಕಿದ. ಇಂಥ ಸ್ಥಿತಿಯಲ್ಲಿ ಒಬ್ಬ ಮುದುಕಿಯನ್ನು ನೋಡಿ ಅವನಿಗೆ ನಿಜಕ್ಕೂ ಸಂಕಟವಾಯಿತು. ಸ್ವಲ್ಪ ಮೇಲಿನ ಅಂತಸ್ತಿನವರಲ್ಲಿ ಆ ಮರುಕದ ಜೊತೆಗೆ ಚಿತ್ರಕಲೆಯ ನೆನಪುಗಳು ಬಂದವು. ಯಾವುದೋ ಪ್ರದರ್ಶನದಲ್ಲಿ ಕಂಡ ಚಿತ್ರ ಕಣ್ಣಮುಂದೆ ಬಂತು, ಕಲಾವಿದನೊಬ್ಬನ ಹೆಸರು ನಾಲಿಗೆಗೆ ಬಂತು. ಇನ್ನೂ ಮೇಲೆ ಹೋದಂತೆ ನಿಮ್ಮ ಸಂಧಿವಾತ ಕಾಣದಾಯಿತು. ಪ್ಯಾರಿಸ್ಸಿನ ಎಂಜಿನಿಯರೊಬ್ಬರಿಗೆ ಅದು ಬಹಳ ಸುಂದರವಾದ ಫೋಟೋ ಎನಿಸಿತು. ನಿಮ್ಮ ಕೈಗಳು ದುಡಿಮೆಯ ಸಂಕೇತವಾಗಿ ಕಂಡವು, ಕಾದಂಬರಿಕಾರ ಫ್ಲಾಬೇರನ ಮುದಿ ಸೇವಕಿ ನೆನಪಾದಳು.

ಆ ಸೇವಕಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಿಮಗಾದ ಅನ್ಯಾಯದ ಅಳತೆ ಅವಳಿಂದ ಸಿಗುತ್ತದೆ. ಫ್ಲಾಬೇರನ ‘ಮದಾಂ ಬೋವರಿ’ ಕಾದಂಬರಿಯಲ್ಲಿ ಒಂದು ಕೃಷಿ ಮೇಳ ನಡೆಯುತ್ತದೆ. ಅಲ್ಲಿ ಒಂದೇ ಜಮೀನಿನಲ್ಲಿ 54 ವರ್ಷ ಚಾಕರಿ ಮಾಡಿದ ಮುದುಕಿಯನ್ನು ವೇದಿಕೆಗೆ ಕರೆದು 25 ಫ್ರಾಂಕ್ ಬೆಲೆಯ ಬೆಳ್ಳಿ ಪದಕ ಕೊಡುತ್ತಾರೆ. ಅವಳ ಕೈಗಳನ್ನು ಫ್ಲಾಬೇರ್ ತುಂಬ ಹೊತ್ತು ನಿಂತು ವರ್ಣಿಸುತ್ತಾನೆ. ಪದಕ ಪಡೆದು ಕೆಳಗಿಳಿದವಳು ಅದನ್ನು ಊರಿನ ಪಾದ್ರಿಗೆ ಕೊಟ್ಟು ತನ್ನ ಹೆಸರಿನಲ್ಲಿ ಪೂಜೆ ಹೇಳಿಸುವುದಾಗಿ ಗೊಣಗುತ್ತಾ ಹೋಗುತ್ತಾಳೆ. ಅವಳ ಪೂರ್ತಿ ಹೆಸರು ಕಾದಂಬರಿಯಲ್ಲಿದೆ: ಕ್ಯಾಥರೀನ್ ನಿಕೇಸ್ ಎಲಿಸಬೆತ್ ಲರೂ. ಊರಿನ ಹೆಸರೂ ಇದೆ. ಅವಳು ಹುಟ್ಟಿದ್ದು ಲೇಖಕನೊಬ್ಬನ ತಲೆಯಲ್ಲಿ. ನೀವು ಹುಟ್ಟಿದ್ದು ಭೂಮಿಯ ಮೇಲೆ. ಇಲ್ಲದವಳಿಗೆ ಮೂರು ಹೆಸರು ಸಿಕ್ಕಿದವು, ಇದ್ದವರಿಗೆ ಒಂದೂ ಸಿಗಲಿಲ್ಲ. ಆ ಉತ್ತರಗಳನ್ನು ಓದುತ್ತಾ ಹೋದರೆ ‘ಈಕೆ ಯಾರು?’ ಎಂಬ ಪ್ರಶ್ನೆ ಒಬ್ಬರ ಬಾಯಲ್ಲೂ ಸಿಗುವುದಿಲ್ಲ.

ಬೋರ್ದ್ಯೂ ಕೆಟ್ಟ ಮನುಷ್ಯರಾಗಿರಲಿಲ್ಲ ಅಜ್ಜಿ. ಅವರ ಬಗ್ಗೆ ನನಗೆ ತುಂಬು ಗೌರವವಿದೆ. ಅವರು ಹುಟ್ಟಿದ್ದು 1930ರಲ್ಲಿ, ಪಿರನೀಸ್ ಬೆಟ್ಟಗಳ ಬುಡದ ಬೆಯಾರ್ನ್ ಸೀಮೆಯ ದೆಂಗ್ವಾಂ ಎಂಬ ಹಳ್ಳಿಯಲ್ಲಿ. ತಂದೆ ಅಂಚೆ ಇಲಾಖೆಯ ಸಣ್ಣ ನೌಕರರು, ಅವರ ಹಿಂದಿನವರು ಒಕ್ಕಲುತನದವರು. ಅಲ್ಲಿಂದ ಪ್ಯಾರಿಸ್ಸಿನ ಅತಿ ದೊಡ್ಡ ವಿದ್ಯಾಸಂಸ್ಥೆಗೆ ಹೋದ ಹುಡುಗನಿಗೆ, ಮೇಲಿನವರ ‘ಅಭಿರುಚಿ’ ಎಂಬುದು ಹೇಗೆ ಕೆಳಗಿನವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ ಎಂಬುದು ಪುಸ್ತಕ ಓದದೆಯೇ ಗೊತ್ತಿತ್ತು. ಜೀವನವಿಡೀ ಅವರು ಸಾಧಿಸಿ ತೋರಿಸಲು ಹೊರಟದ್ದು ಅದನ್ನೇ. ಸೂರ್ಯಾಸ್ತದ ಫೋಟೋ ಚೆಂದ, ಎಲೆಕೋಸಿನ ಫೋಟೋ ಚೆಂದವಾಗಲಾರದು ಎಂದು ಕಾರ್ಮಿಕ ಹೇಳುತ್ತಾನೆ. ಓದಿದವನು ಸೂರ್ಯಾಸ್ತಕ್ಕೆ ಮೂಗು ಮುರಿದು, ಎಲೆಕೋಸು, ಹಗ್ಗ, ಮರದ ತೊಗಟೆ ಇವುಗಳಿಂದ ಒಳ್ಳೆಯ ಫೋಟೋ ತೆಗೆಯಬಹುದು ಎನ್ನುತ್ತಾನೆ. ಇದರಲ್ಲಿ ಒಬ್ಬನ ಕಣ್ಣು ಚುರುಕು, ಇನ್ನೊಬ್ಬನದು ಮಂದ ಎಂಬುದೇನಿಲ್ಲ. ವಸ್ತುವನ್ನು ಬಿಟ್ಟು ರೂಪವನ್ನಷ್ಟೇ ನೋಡಲು ಹೊಟ್ಟೆಪಾಡಿನಿಂದ ಬಿಡುವು ಬೇಕು, ಆ ನೋಟವನ್ನು ಕಲಿಸುವ ಶಾಲೆ ಬೇಕು, ಮನೆ ಬೇಕು. ಅವು ಇದ್ದವರು ಅದನ್ನು ಹುಟ್ಟುಗುಣವೆಂದು ತೋರಿಸಿಕೊಳ್ಳುತ್ತಾರೆ. ಇಲ್ಲದವರು ತಮ್ಮ ಕೊರತೆಯೆಂದು ತಲೆತಗ್ಗಿಸುತ್ತಾರೆ.

ಇಷ್ಟನ್ನು ಒಪ್ಪುತ್ತೇನೆ. ಆದರೆ ಆ ಪುಸ್ತಕ ನಿಮ್ಮ ಕೈಗಳನ್ನು ನೋಡುವವರ ಅಂತಸ್ತು ಅಳೆಯುವ ಕಡ್ಡಿಯಾಗಿ ಬಳಸಿಕೊಂಡಿತು. ಅಳೆದಾದ ಮೇಲೆ ಕಡ್ಡಿಯನ್ನು ಬದಿಗಿಟ್ಟಿತು. ಕಾರ್ಮಿಕನ ಉತ್ತರವನ್ನು ಅದು ‘ಅನಿವಾರ್ಯತೆಯ ಅಭಿರುಚಿ’ ಎಂಬ ಪೆಟ್ಟಿಗೆಗೆ ಹಾಕಿತು. ಬೋರ್ದ್ಯೂ ಅವರ ಜೊತೆಯಲ್ಲೇ ಹಿಂದೆ ಕೆಲಸ ಮಾಡಿದ್ದ ಪಾಸ್ಸರೋನ್, ಕ್ಲೋದ್ ಗ್ರಿನ್ಯೋನ್ ಜೊತೆ ಸೇರಿ 1989ರಲ್ಲಿ ಬರೆದ ಪುಸ್ತಕದಲ್ಲಿ ಈ ಆಕ್ಷೇಪ ಎತ್ತಿದರು: ಬಡವರ ಸಂಸ್ಕೃತಿಯನ್ನು ಅವರಲ್ಲಿ ಏನಿಲ್ಲ ಎಂಬುದರಿಂದಷ್ಟೇ ವಿವರಿಸುತ್ತಾ ಹೋದರೆ, ಅವರಲ್ಲಿ ಏನಿದೆ ಎಂಬುದು ಕೈತಪ್ಪಿಹೋಗುತ್ತದೆ ಎಂದು. ನಾನು ಈ ಆಕ್ಷೇಪದ ಪಕ್ಷ. ಬಂದ ಉತ್ತರಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಕಡೆಗೆ ತಿರುಗಿದ್ದು ಆ ಕೂಲಿ ಕಾರ್ಮಿಕನದು. ಅವನು ನಿಮ್ಮ ನೋವನ್ನು ಪತ್ತೆಹಚ್ಚಿದ. ಅವನ ಮನೆಯಲ್ಲೂ ಅಂಥ ಕೈಗಳಿದ್ದವೇನೋ. ಫೋಟೋದಲ್ಲಿರುವುದು ಒಂದು ಮನುಷ್ಯಜೀವ ಎಂಬ ನೆನಪನ್ನು ಕೊರತೆಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈ ಕಥೆಯ ಹಿಂದೆ ಇನ್ನೊಂದು ಕಥೆಯಿದೆ. ‘ಡಿಸ್ಟಿಂಕ್ಷನ್’ ಬರುವುದಕ್ಕೆ ಬಹಳ ಮೊದಲು, 1965ರಲ್ಲಿ, ಬೋರ್ದ್ಯೂ ಮತ್ತು ಗೆಳೆಯರು ಫೋಟೋಗ್ರಫಿಯ ಮೇಲೆಯೇ ಒಂದು ಪುಸ್ತಕ ತಂದಿದ್ದರು. ಅದನ್ನು ‘ನಡುದರ್ಜೆಯ ಕಲೆ’ ಎಂದು ಕರೆದರು. ಆ ಸಂಶೋಧನೆಗೆ ಹಣ ಕೊಟ್ಟಿದ್ದು ಕೊಡಾಕ್-ಪಾತೆ ಕಂಪನಿ. ಕ್ಯಾಮೆರಾ, ಫಿಲ್ಮು ಮಾರುವವರಿಗೆ ಕೊಳ್ಳುವವರು ಯಾರು ಎಂಬುದು ಬೇಕಿತ್ತು. ಸಂಶೋಧಕರು ಕಂಡುಕೊಂಡ ಉತ್ತರ ಬಹಳ ಸರಳ: ಮಕ್ಕಳಿರುವ ಮನೆಗಳಲ್ಲಿ ಕ್ಯಾಮೆರಾ ಹೆಚ್ಚು. ಜನ ಫೋಟೋ ತೆಗೆಯುವುದು ಮದುವೆ, ನಾಮಕರಣ, ಹಬ್ಬ, ರಜೆ ಇಂಥ ಸಂದರ್ಭಗಳಲ್ಲಿ. ಅಂದರೆ ಕುಟುಂಬ ತಾನು ಕುಟುಂಬವೆಂದು ತನಗೇ ಹೇಳಿಕೊಳ್ಳುವಾಗ. ಬೆಯಾರ್ನಿನ ಹಳ್ಳಿಯ ಮದುವೆಗಳ ಬಗ್ಗೆ ಅದರಲ್ಲಿ ಬರುವ ಭಾಗ ನನಗೆ ಬಹಳ ಇಷ್ಟ. ಮದುವೆಗೆ ಬಂದ ನೆಂಟರು ಗುಂಪು ಫೋಟೋದ ಪ್ರತಿಯನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಅದು ಕರೆದವರಿಗೆ ಸಲ್ಲಿಸುವ ಮರ್ಯಾದೆ. ಫೋಟೋ ಚೆನ್ನಾಗಿ ಬಂದಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಯಾರ್ಯಾರಿದ್ದಾರೆ, ಯಾರ ಪಕ್ಕ ಯಾರು ನಿಂತಿದ್ದಾರೆ ಎಂಬುದನ್ನು ಬೆರಳಿಟ್ಟು ನೋಡುತ್ತಿದ್ದರು. ಚಿತ್ರದಲ್ಲಿರುವವರೇ ಚಿತ್ರದ ಒಡೆಯರು. ಫೋಟೋಗ್ರಾಫರನದು ಕೆಲಸಗಾರನ ಜಾಗ.

ಆ ಹಳ್ಳಿಗರು ಕ್ಯಾಮೆರಾದ ಮುಂದೆ ಯಾಕೆ ಹಾಗೆ ಸೆಟೆದು, ನೇರ ನೋಡುತ್ತಾ ನಿಲ್ಲುತ್ತಾರೆ ಎಂಬುದಕ್ಕೂ ಬೋರ್ದ್ಯೂ ಅವರಲ್ಲಿ ವಿವರಣೆಯಿದೆ. ನೆಟ್ಟಗೆ ನಿಂತು ಎದುರು ನೋಡುವುದೆಂದರೆ ನೋಡುವವರಿಗೆ ಗೌರವ ಕೊಟ್ಟು, ತನಗೂ ಗೌರವ ಕೇಳುವುದು. ತನ್ನ ಮೈ, ತನ್ನ ಮುಖ ಹೇಗೆ ಕಾಣಬೇಕು ಎಂಬುದನ್ನು ತಾನೇ ನಿರ್ಧರಿಸುವುದು. ಇದನ್ನು ಓದಿದಾಗ ನನಗೆ ನಮ್ಮ ಊರುಗಳ ಸ್ಟುಡಿಯೋಗಳು ಕಣ್ಣಿಗೆ ಕಟ್ಟಿದವು.

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಮಹಡಿಯ ಮೇಲೋ ಹಿಂದಿನ ಕೋಣೆಯಲ್ಲೋ ಒಂದು ಸ್ಟುಡಿಯೋ ಇರುತ್ತಿತ್ತು. ಹಿಂದೆ ಅರಮನೆಯನ್ನೋ ಕಾರಂಜಿಯನ್ನೋ ಬರೆದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡು, ಮೂಲೆಯಲ್ಲಿ ಬಾಚಣಿಗೆ, ಪೌಡರ್ ಡಬ್ಬಿ, ಕನ್ನಡಿ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ನಮ್ಮ ಎಷ್ಟೋ ಮನೆಗಳ ಕಪ್ಪುಬಿಳುಪು ನೆನಪುಗಳನ್ನು ಹಿಡಿದಿದೆ. ಸ್ಟುಡಿಯೋಗೆ ಹೋದವರು ಸ್ಟೂಲಿನ ಮೇಲೆ ಕುಳಿತ ಕೂಡಲೇ ಕೇಳುತ್ತಿದ್ದ ಮೊದಲ ಪ್ರಶ್ನೆ ಏನು ಗೊತ್ತೇ ಅಜ್ಜಿ? ‘ಕೈ ಎಲ್ಲಿಡ್ಲಿ?’ ಮುಖವನ್ನು ಏನೋ ಮಾಡಿ ಸರಿಮಾಡಿಕೊಳ್ಳಬಹುದು, ಕೈಗಳದೇ ಕಷ್ಟ. ದಿನವೆಲ್ಲ ಕೆಲಸ ಮಾಡುವ ಕೈಗಳಿಗೆ ಸುಮ್ಮನಿರುವುದು ಬರುವುದಿಲ್ಲ. ಸ್ಟುಡಿಯೋದವರು ಗದರದೆ, ನಗದೆ ಹೇಳುತ್ತಿದ್ದರು: ಮಂಡಿ ಮೇಲೆ ಇಡಿ, ಬೆರಳು ಸಡಿಲ ಬಿಡಿ, ವಾಚು ಕಾಣುವ ಹಾಗೆ ಸ್ವಲ್ಪ ಮುಂದೆ ಮಾಡಿ, ಅಮ್ಮಾ ನೀವು ಯಜಮಾನರ ಹೆಗಲ ಮೇಲೆ ಇಡಿ. ಗಲ್ಲ ಕೆಳಗೆ. ಅಲ್ಲಾಡಬೇಡಿ. ಆಮೇಲೆ ನೆಗೆಟಿವ್ ಮೇಲೆ ಮೊನಚು ಪೆನ್ಸಿಲಿನಿಂದ ಸುಕ್ಕುಗಳನ್ನು ತಿದ್ದುತ್ತಿದ್ದರು. ವಾರ ಬಿಟ್ಟು ಹೋದರೆ ಬಟರ್ ಪೇಪರಿನ ಹೊದಿಕೆಯಲ್ಲಿ ಮೂರು ಕಾಪಿ.

ಕಲಾವಿಮರ್ಶಕರು ಈ ಚಿತ್ರಗಳನ್ನು ಕೃತಕ ಎಂದರು. ಅರಮನೆ ಸುಳ್ಳು, ಹೂ ಸುಳ್ಳು, ಪೆನ್ಸಿಲಿನ ತಿದ್ದುಪಡಿ ಸುಳ್ಳು. ಇರಬಹುದು. ಆದರೆ ಆ ಫೋಟೋ ಹೇಗಿರಬೇಕು ಎಂಬುದರಲ್ಲಿ ಅದರಲ್ಲಿರುವ ಹೆಂಗಸಿನ ಮಾತು ನಡೆದಿತ್ತು. ದುಡ್ಡು ಕೊಟ್ಟವಳು ಅವಳು. ಯಾವ ಸೀರೆ ಉಡಬೇಕು ಎಂಬುದನ್ನು ಆರಿಸಿದವಳು ಅವಳು. ಕಾಪಿ ಮನೆಗೆ ಹೋಯಿತು, ಒಂದು ತವರಿಗೆ ಅಂಚೆಯಲ್ಲಿ ಹೋಯಿತು. ಅವಳು ತೀರಿಕೊಂಡ ಮೇಲೆ ಅದೇ ಚಿತ್ರದಿಂದ ಮುಖವನ್ನಷ್ಟೇ ತೆಗೆದು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿ ನಡುಮನೆಯಲ್ಲಿ ತೂಗುಹಾಕಿದರು. ಇದರಲ್ಲಿ ಕಲೆ ಇಲ್ಲವೆನ್ನುವವರು ಕಲೆ ಯಾವುದು ಎಂದು ತೋರಿಸುವ ಚಿತ್ರಗಳಲ್ಲಿ, ಅದೇ ಹೆಂಗಸು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೇರೆಲ್ಲೋ ನೋಡುತ್ತಿರುತ್ತಾಳೆ. ಆ ಚಿತ್ರದ ಕಾಪಿ ಅವಳ ಮನೆಯಲ್ಲಿ ಇರುವುದಿಲ್ಲ.

ಚಿತ್ರ ತೆಗೆದು ಚಿತ್ರದಲ್ಲಿರುವವರನ್ನು ಮರೆಯುವುದು ಇಂದು ನಿನ್ನೆಯದಲ್ಲ. 1868ರಿಂದ 1875ರ ನಡುವೆ ಬ್ರಿಟಿಷ್ ಸರ್ಕಾರ ‘ದ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳನ್ನು ತಂದಿತು. ನಾನೂರಕ್ಕೂ ಹೆಚ್ಚು ಫೋಟೋಗಳು. ಬಹುಪಾಲು ಚಿತ್ರಗಳ ಕೆಳಗೆ ಇದ್ದದ್ದು ಮನುಷ್ಯರ ಹೆಸರಲ್ಲ, ಜಾತಿಯ ಹೆಸರು, ಬುಡಕಟ್ಟಿನ ಹೆಸರು, ಜೊತೆಗೆ ಆ ಜನ ನಂಬಿಕೆಗೆ ಅರ್ಹರೋ ಅಲ್ಲವೋ ಎಂಬಂಥ ಷರಾ. ಆಳುವವರಿಗೆ ಬೇಕಾದದ್ದು ಮಾದರಿಗಳು. ಮಾದರಿಗೆ ಹೆಸರಿದ್ದರೆ ಅದು ಮಾದರಿಯಾಗಿ ಉಳಿಯುವುದಿಲ್ಲ.

ಈಗ ನನ್ನ ಊರಿಗೆ ಬರುತ್ತೇನೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಅಂಗಳಕ್ಕೆ ಭಾನುವಾರ ಬೆಳಗಿನ ಜಾವ ಹೋದರೆ ಕ್ಯಾಮೆರಾ ನೇತುಹಾಕಿಕೊಂಡ ಗುಂಪುಗಳು ಸಿಗುತ್ತವೆ. ಇದಕ್ಕೆ ಫೋಟೋವಾಕ್ ಎನ್ನುತ್ತಾರೆ. ಮೇಲಿನ ಮಹಡಿಯಿಂದ ಬಗ್ಗಿ ಹೂವಿನ ರಾಶಿಗಳ ಬಣ್ಣ ಹಿಡಿಯುವವರು, ಕೆಳಗಿಳಿದು ಸೇವಂತಿಗೆ ಕಟ್ಟುವ ಅಜ್ಜಿಯರ ಕೈಗಳಿಗೆ ಲೆನ್ಸು ಹತ್ತಿರ ತರುವವರು. ಅಲ್ಲಿನವರು ರೇಗುವುದು ಅಪರೂಪ. ರಾತ್ರಿಯೆಲ್ಲ ಲಾರಿ ಇಳಿಸಿ, ಬೆಳಗಿನ ಬೋಣಿಗೆ ಕಾಯುತ್ತಿರುವವರು ಅವರು. ಆದರೆ ಎರಡು ಪ್ರಶ್ನೆ ಕೇಳುತ್ತಾರೆ, ಕೇಳೇ ಕೇಳುತ್ತಾರೆ. ‘ಯಾವ ಪೇಪರಲ್ಲಿ ಬರುತ್ತೆ ಸಾರ್?’ ಮತ್ತು ‘ನಮಗೂ ಒಂದು ಕಾಪಿ ಕೊಡ್ತೀರಾ?’

ಫೋಟೋ ಕಂಡ ಕೂಡಲೇ ಇದು ಯಾತಕ್ಕೆ, ಯಾರಿಗೆ ಎಂದು ಕೇಳುವುದು ಸಾಮಾನ್ಯ ಜನರ ಸ್ವಭಾವ ಎಂದು ಬೋರ್ದ್ಯೂ ಬರೆದರು. ರೂಪವನ್ನು ಉಪಯೋಗದ ಅಡಿಯಾಳು ಮಾಡುವ ನೋಟ ಎಂದು ಅದನ್ನು ಗುರುತಿಸಿದರು. ಕೆ.ಆರ್. ಮಾರುಕಟ್ಟೆಯ ಅಜ್ಜಿಯ ಬಾಯಿಂದ ಅದೇ ಪ್ರಶ್ನೆ ಬಂದಾಗ ಅದು ಬರಿಯ ಸ್ವಭಾವವಾಗಿ ಕೇಳಿಸುವುದಿಲ್ಲ. ಅವಳು ವ್ಯಾಪಾರದವಳು. ತನ್ನಿಂದ ಏನೋ ಒಂದು ಹೋಗುತ್ತಿದೆ ಎಂಬುದು ಅವಳಿಗೆ ತಿಳಿಯುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸುತ್ತಾಳೆ. ಉತ್ತರವಾಗಿ ಅವಳಿಗೆ ಸಿಗುವುದು ಒಂದು ಮುಗುಳ್ನಗೆ. ಕೆಲವರು ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಒಂದು ಕ್ಷಣ ತೋರಿಸಿ ಮುಂದೆ ಹೋಗುತ್ತಾರೆ.

ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ. ಕರ್ನಾಟಕ ಹವ್ಯಾಸಿ ಫೋಟೋಗ್ರಫಿಗೆ ಹೆಸರಾದ ನಾಡು. 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಇಲ್ಲಿ ಎಷ್ಟೋ ಜನರಿಗೆ ಈ ಕಲೆಯನ್ನು ಪ್ರೀತಿಯಿಂದ ಕಲಿಸಿವೆ. ಜಗತ್ತಿನ ಇಂಥ ಎಷ್ಟೋ ಸಂಘಗಳಿಗೆ ಮೇಲೆ 1950ರಲ್ಲಿ ಸ್ಥಾಪನೆಯಾದ ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟವಿದೆ. ದೇಶದೇಶಗಳಲ್ಲಿ ‘ಸಲೋನ್’ ಎಂಬ ಸ್ಪರ್ಧಾ ಪ್ರದರ್ಶನಗಳು ನಡೆಯುತ್ತವೆ. ಶುಲ್ಕ ಕಟ್ಟಿ ಚಿತ್ರ ಕಳಿಸಿದರೆ ತೀರ್ಪುಗಾರರು ಕೆಲವೇ ಕ್ಷಣ ನೋಡಿ ಅಂಕ ಕೊಡುತ್ತಾರೆ. ಆಯ್ಕೆಯಾದರೆ ಒಂದು ‘ಅಕ್ಸೆಪ್ಟೆನ್ಸ್’. ಇಷ್ಟು ದೇಶಗಳಲ್ಲಿ ಇಷ್ಟು ಅಕ್ಸೆಪ್ಟೆನ್ಸ್ ಆದರೆ ಹೆಸರಿನ ಮುಂದೆ ಎಎಫ್‌ಐಎಪಿ, ಇನ್ನೂ ಆದರೆ ಇಎಫ್‌ಐಎಪಿ. ಹೀಗೆ ಅಕ್ಷರಗಳನ್ನು ಗಳಿಸಲು ಜನ ವರ್ಷಗಟ್ಟಲೆ ಶ್ರಮಪಡುತ್ತಾರೆ, ಆ ಶ್ರಮ ನಿಜವಾದದ್ದು. ಆದರೆ ತೀರ್ಪುಗಾರರ ಎದುರು ಒಂದು ಚಿತ್ರಕ್ಕೆ ಸಿಗುವುದು ಕೆಲವು ಕ್ಷಣ. ಅಷ್ಟರಲ್ಲಿ ಕಣ್ಣಿಗೆ ಹೊಡೆಯಬೇಕಾದರೆ ಪರಿಚಿತವಾದದ್ದೇ ಬೇಕು: ಸುಕ್ಕುಗಟ್ಟಿದ ಮುಖ, ಬೀಡಿಯ ಹೊಗೆ, ಪಕ್ಕದಿಂದ ಬೀಳುವ ಬೆಳಕು, ಕಪ್ಪು ಹಿನ್ನೆಲೆ, ಮತ್ತು ದುಡಿದ ಕೈಗಳು. ಶೀರ್ಷಿಕೆ ‘ಮುಪ್ಪು’, ‘ದುಡಿಮೆ’, ‘ಚಿಂತನೆ’. ಪ್ಯಾರಿಸ್ಸಿನ ಎಂಜಿನಿಯರ್ ಕೊಟ್ಟ ಉತ್ತರ ಈಗ ಶೀರ್ಷಿಕೆಯಾಗಿ ಚಿತ್ರದ ಜೊತೆಗೇ ಹುಟ್ಟುತ್ತದೆ.

ಕಲಾಕೃತಿಯ ಬೆಲೆ ಎಲ್ಲಿ ತಯಾರಾಗುತ್ತದೆ ಎಂಬುದರ ಬಗ್ಗೆ ಬೋರ್ದ್ಯೂ ಮುಂದೆ ಬರೆದದ್ದು ಇಲ್ಲಿ ತೀರಾ ಬೇಕಾದದ್ದು. ಬೆಲೆ ಕಲಾವಿದನೊಬ್ಬನ ಕೈಯಲ್ಲಿ ಹುಟ್ಟುವುದಿಲ್ಲ. ವಿಮರ್ಶಕರು, ತೀರ್ಪುಗಾರರು, ಗ್ಯಾಲರಿಯವರು, ಸಂಗ್ರಹಕಾರರು, ಶಾಲೆಗಳು ಎಲ್ಲ ಸೇರಿ ಇದು ಕಲೆ ಎಂಬ ನಂಬಿಕೆಯನ್ನು ಉತ್ಪಾದಿಸುತ್ತಾರೆ ಎಂದು ಅವರು ಹೇಳಿದರು. ಇದನ್ನೇ ಅವರು ‘ಸಾಂಸ್ಕೃತಿಕ ಉತ್ಪಾದನೆಯ ಕ್ಷೇತ್ರ’ ಎಂದು ಕರೆದರು. ಈ ಪಟ್ಟಿಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ ಅಜ್ಜಿ. ಅದರಲ್ಲಿ ಚೌಕಟ್ಟು ಹಾಕುವವನಿಗೂ ಜಾಗ ಮಾಡಿಕೊಡಬಹುದು. ಫೋಟೋದಲ್ಲಿರುವವರಿಗೆ ಮಾತ್ರ ಜಾಗವಿಲ್ಲ. ಚಿತ್ರಕಾರನ ಎದುರು ಕುಳಿತ ಮಾಡೆಲ್‌ಗಾದರೂ ಕೂಲಿ ಕೊಡುವ ರೂಢಿಯಿತ್ತು. ಕ್ಯಾಮೆರಾ ಆ ರೂಢಿಯನ್ನು ತೆಗೆದುಹಾಕಿತು, ಏಕೆಂದರೆ ಅದಕ್ಕೆ ಒಂದು ಸೆಕೆಂಡಿನ ಸಣ್ಣದೊಂದು ಪಾಲು ಸಾಕು. ಆ ಸೆಕೆಂಡಿನ ಹಿಂದೆ ನಿಂತಿರುವ ನಲವತ್ತು, ಐವತ್ತು ವರ್ಷಗಳ ದುಡಿಮೆ, ಅಂದರೆ ಆ ಕೈಯನ್ನು ಫೋಟೋ ತೆಗೆಯುವಂಥ ಕೈಯಾಗಿ ಮಾಡಿದ್ದು, ಯಾರ ಲೆಕ್ಕಕ್ಕೂ ಬರಲಿಲ್ಲ.

ನಿಮ್ಮಂಥದೇ ಒಬ್ಬ ಹೆಂಗಸಿನ ಲೆಕ್ಕ ಮಾತ್ರ ಜಗತ್ತಿಗೆ ಗೊತ್ತಾಗಿದೆ. 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ಸರ್ಕಾರಿ ಕೆಲಸದ ಮೇಲೆ ಹೋಗಿದ್ದ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಚಿತ್ರ ತೆಗೆದರು. ಹೆಗಲಿಗೆ ಮುಖ ಒತ್ತಿಕೊಂಡ ಮಕ್ಕಳು, ಗಲ್ಲದ ಬಳಿ ತಾಯಿಯ ಕೈ. ‘ಮೈಗ್ರಂಟ್ ಮದರ್’ ಎಂದು ಅದು ಲೋಕವಿಖ್ಯಾತವಾಯಿತು. ಲ್ಯಾಂಗ್ ಆಕೆಯ ವಯಸ್ಸು ಬರೆದುಕೊಂಡರು, 32. ಹೆಸರು ಕೇಳಲಿಲ್ಲ. ಚೆರೋಕಿ ಮೂಲದ ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಹೊರಜಗತ್ತಿಗೆ ತಿಳಿದದ್ದು 1978ರಲ್ಲಿ, ಅವರೇ ಒಂದು ಸ್ಥಳೀಯ ಪತ್ರಿಕೆಯೆದುರು ಮಾತಾಡಿದಾಗ. ಆ ಚಿತ್ರದಿಂದ ತನಗೆ ಬಿಡಿಗಾಸೂ ಸಿಗಲಿಲ್ಲ ಎಂದು ಹೇಳಿಕೊಂಡಿದ್ದರು. 1983ರಲ್ಲಿ ಅವರಿಗೆ ಲಕ್ವ ಹೊಡೆದಾಗ ಮಕ್ಕಳು ಚಿಕಿತ್ಸೆಗಾಗಿ ಸಾರ್ವಜನಿಕರ ಮುಂದೆ ಕೈಯೊಡ್ಡಬೇಕಾಯಿತು. ಜನ ಧಾರಾಳವಾಗಿ ಕೊಟ್ಟರು, ಆದರೆ ಅವರು ಅದೇ ವರ್ಷ ತೀರಿಕೊಂಡರು. 1998ರಲ್ಲಿ ಆ ಚಿತ್ರದ ಒಂದು ಹಳೆಯ ಪ್ರತಿ ಹರಾಜಿನಲ್ಲಿ 2,44,500 ಡಾಲರಿಗೆ ಹೋಯಿತು. ಅದೇ ವರ್ಷ ಅಮೆರಿಕದ ಅಂಚೆ ಇಲಾಖೆ ಆಕೆಯ ಮುಖವನ್ನು 32 ಸೆಂಟಿನ ಸ್ಟಾಂಪಿನ ಮೇಲೆ ಅಚ್ಚು ಹಾಕಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೆಸರಾದ ಕೈ ಒಬ್ಬರದು, ಮೊಸರು ತಿಂದ ಬಾಯಿ ಇನ್ನೊಬ್ಬರದು.

ಲ್ಯಾಂಗ್ ಆ ಬಿಡಾರದಲ್ಲಿ ತೆಗೆದ ಚಿತ್ರಗಳು ಒಳ್ಳೆಯದನ್ನೂ ಮಾಡಿದವು. ಅವು ಅಚ್ಚಾದ ಬೆನ್ನಲ್ಲೇ ಅಲ್ಲಿಗೆ ಆಹಾರ ಹೋಯಿತು. ಅಷ್ಟು ಹೊತ್ತಿಗೆ ಥಾಂಪ್ಸನ್ ಕುಟುಂಬ ಅಲ್ಲಿಂದ ಮುಂದೆ ಹೊರಟುಹೋಗಿತ್ತು.

ನಮ್ಮ ಕಾಲದ ಇನ್ನೊಂದು ಸಂಗತಿ ನಿಮಗೆ ಹೇಳದಿದ್ದರೆ ಈ ಪತ್ರ ಅರ್ಧವಾದೀತು. ನಮ್ಮ ದೇಶದಲ್ಲಿ ಈಗ ಪಡಿತರ ಅಂಗಡಿಯಲ್ಲಿ ಅಕ್ಕಿ ಪಡೆಯಲು ಸಾಮಾನ್ಯವಾಗಿ ಯಂತ್ರದ ಮೇಲೆ ಬೆರಳಿಡಬೇಕು. ಬೆರಳಿನ ಗೆರೆ ಓದಿ ಅದು ಗುರುತು ಹಿಡಿಯುತ್ತದೆ. ಕಲ್ಲು ಹೊತ್ತು, ಪಾತ್ರೆ ತಿಕ್ಕಿ, ಬೀಡಿ ಸುತ್ತಿ, ಸಿಮೆಂಟು ಕಲಸಿ ಸವೆದ ಬೆರಳುಗಳ ಗೆರೆ ಎಷ್ಟೋ ಸಲ ಯಂತ್ರಕ್ಕೆ ಸಿಗುವುದಿಲ್ಲ. ‘ತಂಬು ತಗೊಳ್ತಿಲ್ಲ ಅಜ್ಜಿ, ಒರೆಸಿಕೊಂಡು ಮತ್ತೆ ಇಡಿ.’ ಸೆರಗಿನಲ್ಲಿ ಒರೆಸುತ್ತಾರೆ, ಮತ್ತೆ ಇಡುತ್ತಾರೆ, ಬೇರೆ ಬೆರಳು ಇಡುತ್ತಾರೆ. ಹಿಂದೆ ಸಾಲು ಬೆಳೆಯುತ್ತದೆ. ನಾಳೆ ಬನ್ನಿ ಎಂದು ಕಳಿಸಿದ ಉದಾಹರಣೆಗಳು ಊರೂರಿನಲ್ಲಿವೆ. ಪ್ರದರ್ಶನದ ಗೋಡೆಯ ಮೇಲೆ ದುಡಿಮೆಯ ಸಂಕೇತವಾಗಿ ಚಪ್ಪಾಳೆ ಗಿಟ್ಟಿಸುವ ಅದೇ ಕೈ, ಅದೇ ದುಡಿಮೆಯ ಕಾರಣಕ್ಕೆ ಅಂಗಡಿಯ ಕಟ್ಟೆಯ ಮುಂದೆ ತಾನು ಯಾರೆಂದು ಸಾಬೀತು ಮಾಡಲಾಗದೆ ನಿಲ್ಲುತ್ತದೆ. ಈ ಎರಡನ್ನೂ ಒಟ್ಟಿಗೆ ನೋಡಿದವರಿಗೆ ಸಿಟ್ಟು ಬರಬೇಕು. ನನಗೆ ಬರುತ್ತದೆ. ಅಷ್ಟು ಪ್ರದರ್ಶನಗಳಲ್ಲಿ ಕೈಗಳ ಚಿತ್ರ ನೋಡಿದ ಸಮಾಜ ಕೈಯನ್ನು ನೋಡುವುದನ್ನೇ ಕಲಿಯಲಿಲ್ಲವಲ್ಲ ಎಂದು.

ಫೋಟೋ ತೆಗೆಯುವುದನ್ನೇ ಬಿಟ್ಟುಬಿಡಬೇಕು ಎನ್ನುವ ಪಕ್ಷ ನನ್ನದಲ್ಲ. ಸ್ವತಃ ಬೋರ್ದ್ಯೂ ಬಹಳ ಒಳ್ಳೆಯ ಫೋಟೋಗ್ರಾಫರ್ ಆಗಿದ್ದರು. ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧದ ವರ್ಷಗಳಲ್ಲಿ, ಫ್ರೆಂಚ್ ಸೇನೆ ಲಕ್ಷಾಂತರ ರೈತರನ್ನು ಅವರ ಹಳ್ಳಿಗಳಿಂದ ಕಿತ್ತು ಶಿಬಿರಗಳಿಗೆ ತುಂಬುತ್ತಿದ್ದಾಗ, ಅವರು ಜೈಸ್ ಕಂಪನಿಯ ಇಕೊಫ್ಲೆಕ್ಸ್ ಕ್ಯಾಮೆರಾವನ್ನು ಎದೆಮಟ್ಟದಲ್ಲಿ ಹಿಡಿದು, ಮೇಲಿನಿಂದ ನೋಡುತ್ತಾ ಚಿತ್ರ ತೆಗೆದರು. ಮರೆಯಾಗುತ್ತಿದ್ದ ಬದುಕಿಗೆ ಸಾಕ್ಷಿ ಬೇಕು ಎಂಬ ತಹತಹದಿಂದ ತೆಗೆದ ಚಿತ್ರಗಳವು. ವರ್ಷಗಟ್ಟಲೆ ಪೆಟ್ಟಿಗೆಗಳಲ್ಲಿ ಇದ್ದವು. 2002ರಲ್ಲಿ ಅವರು ತೀರಿಕೊಂಡರು. ಮರುವರ್ಷ ಆ ಚಿತ್ರಗಳು ಪುಸ್ತಕವಾಗಿ ಬಂದವು, ಪ್ಯಾರಿಸ್ಸಿನ ಅರಬ್ ಜಗತ್ತಿನ ಸಂಸ್ಥೆಯ ಗೋಡೆಗಳ ಮೇಲೆ ಪ್ರದರ್ಶನಗೊಂಡವು. ಕಲೆಯ ಮನ್ನಣೆ ಹೇಗೆ ತಯಾರಾಗುತ್ತದೆ ಎಂದು ಬಿಡಿಸಿ ತೋರಿಸಿದವರ ಕೈಚಿತ್ರಗಳಿಗೂ ಅದೇ ಮನ್ನಣೆ ಬಂತು. ಚಿತ್ರಗಳಲ್ಲಿದ್ದವರ ಮಕ್ಕಳು, ಮೊಮ್ಮಕ್ಕಳಲ್ಲಿ ಎಷ್ಟು ಜನರಿಗೆ ಆ ಗೋಡೆಯ ಮುಂದೆ ನಿಲ್ಲುವ ಅವಕಾಶ ಸಿಕ್ಕೀತು?

ಅದೇ ಯುದ್ಧದಲ್ಲಿ, 1960ರಲ್ಲಿ, ಮಾರ್ಕ್ ಗರಾಂಜೆ ಎಂಬ ಎಳೆಯ ಫ್ರೆಂಚ್ ಸೈನಿಕನಿಗೆ ಶಿಬಿರಗಳ ಜನರ ಗುರುತಿನ ಚೀಟಿಗೆ ಫೋಟೋ ತೆಗೆಯುವ ಆಜ್ಞೆಯಾಯಿತು. ಹತ್ತು ದಿನಗಳಲ್ಲಿ ಸುಮಾರು ಎರಡು ಸಾವಿರ ಜನ, ಬಹುಪಾಲು ಹೆಂಗಸರು. ಮುಸುಕು ತೆಗೆಯಬೇಕೆಂದು ಅಧಿಕಾರಿ ಹೇಳಿದ್ದ. ಹೊರಗಿನ ಗಂಡಸರ ಮುಂದೆ ಎಂದೂ ಮುಖ ತೋರದವರು ಕ್ಯಾಮೆರಾದ ಎದುರು ಕೂರಬೇಕಾಯಿತು. ಆ ಚಿತ್ರಗಳಲ್ಲಿನ ಕಣ್ಣುಗಳನ್ನು ನೋಡಿದರೆ ಇಂದಿಗೂ ತಲೆತಗ್ಗಿಸಬೇಕೆನಿಸುತ್ತದೆ. ಗರಾಂಜೆಗೂ ಹಾಗೇ ಅನ್ನಿಸಿರಬೇಕು. 1982ರಲ್ಲಿ ಅವನ್ನು ಪುಸ್ತಕ ಮಾಡಿ, ಆ ಹೆಂಗಸರ ಮೇಲೆ ನಡೆದ ಬಲವಂತಕ್ಕೆ ಅವನ್ನೇ ಸಾಕ್ಷಿಯಾಗಿ ನಿಲ್ಲಿಸಿದರು. 2004ರಲ್ಲಿ, ತಾವು ಮುದುಕರಾದ ಮೇಲೆ, ಆ ಹಳ್ಳಿಗಳಿಗೆ ತಿರುಗಿ ಹೋಗಿ, ಬದುಕಿದ್ದವರನ್ನು ಹುಡುಕಿ, ಅವರವರ ಚಿತ್ರಗಳನ್ನು ಅವರವರ ಮುಂದಿಟ್ಟರು. ಮಾಡಿದ್ದು ಅದರಿಂದ ಅಳಿಸಿಹೋಗಲಿಲ್ಲ. ಚಿತ್ರ ಮಾತ್ರ 44 ವರ್ಷಗಳ ನಂತರ ತಲುಪಬೇಕಾದವರ ಕೈ ತಲುಪಿತು.

ನಮ್ಮಲ್ಲಿ ಅಷ್ಟು ವರ್ಷ ಕಾಯಬೇಕಾಗಿಲ್ಲ. ಕೆ.ಆರ್. ಮಾರುಕಟ್ಟೆಯ ಅಜ್ಜಿ ಮುಂದಿನ ಭಾನುವಾರವೂ ಅದೇ ಜಾಗದಲ್ಲಿ ಸೇವಂತಿಗೆ ಕಟ್ಟುತ್ತಿರುತ್ತಾಳೆ. ಕರ್ನಾಟಕದ ಫೋಟೋ ಸಂಘಗಳಿಗೆ, ಸಲೋನ್ ನಡೆಸುವವರಿಗೆ, ಕಲಾ ಗ್ಯಾಲರಿಗಳಿಗೆ ಈ ಪತ್ರದ ಮೂಲಕವೇ ಕೇಳುತ್ತೇನೆ. ನಿಮ್ಮ ಪ್ರವೇಶಪತ್ರದಲ್ಲಿ ಚಿತ್ರದ ಶೀರ್ಷಿಕೆ, ವಿಭಾಗ, ಫೈಲಿನ ಅಳತೆ ಎಲ್ಲಕ್ಕೂ ಜಾಗವಿದೆ. ಇನ್ನೆರಡು ಸಾಲು ಸೇರಿಸಿ: ಚಿತ್ರದಲ್ಲಿರುವವರು ತಮ್ಮ ಹೆಸರು ಹಾಕಲು ಒಪ್ಪಿದ್ದಾರೆಯೇ, ಒಪ್ಪಿದ್ದರೆ ಅವರ ಹೆಸರೇನು, ಅವರಿಗೆ ಪ್ರಿಂಟ್ ಕೊಟ್ಟಿದ್ದೀರಾ, ಯಾವಾಗ. ಬಹುಮಾನದ ಹಣವಿದ್ದರೆ ಅದರಲ್ಲಿ ಅವರಿಗೂ ಒಂದು ಪಾಲಿರಲಿ. ಹೆಸರು ಬೇಡವೆಂದರೆ ಬೇಡ, ಅದು ಅವರ ಇಷ್ಟ. ಕಾಡಿನ ಚಿತ್ರಗಳಿಗೆ ಸತ್ಯನಿಷ್ಠೆಯ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿಕೊಂಡು ಪಾಲಿಸುತ್ತಿರುವವರು ನೀವು; ಮನುಷ್ಯರ ಚಿತ್ರಗಳಿಗೂ ಇಂಥದೊಂದು ನಿಯಮ ಮಾಡಿಕೊಳ್ಳುವುದು ನಿಮಗೆ ಕಷ್ಟವಾಗಲಾರದು.

ಸಮಾಜಶಾಸ್ತ್ರ ಕಲಿಸುವ ಮೇಷ್ಟರುಗಳಿಗೂ ಒಂದು ಮಾತಿದೆ. ತರಗತಿಯಲ್ಲಿ ಬೋರ್ದ್ಯೂ ಅವರ ಈ ಪುಟವನ್ನು ತೆರೆದಾಗ ಯಾವ ವರ್ಗ ಯಾವ ಉತ್ತರ ಕೊಟ್ಟಿತು ಎಂಬಲ್ಲಿಗೆ ಪಾಠ ನಿಲ್ಲಿಸಬೇಡಿ. ವಿದ್ಯಾರ್ಥಿಗಳಲ್ಲಿ ಹಲವರ ಮನೆಗಳಲ್ಲಿ ಅಂಥ ಕೈಗಳಿವೆ. ಅವರು ಮನೆಗೆ ಹೋಗಿ ಆ ಫೋಟೋವನ್ನು ತಮ್ಮ ಅಜ್ಜಿಯರಿಗೇ ತೋರಿಸಿ, ಅವರ ಉತ್ತರ ಬರೆದುಕೊಂಡು ಬರಲಿ. ಉತ್ತರ ಕೊಟ್ಟವರ ಹೆಸರಿನೊಂದಿಗೆ.

ಇತಿ,
ನಿಮ್ಮ ಕೈಗಳನ್ನು ಪುಸ್ತಕದಲ್ಲಿ ಕಂಡ ಓದುಗ
ಬೆಂಗಳೂರು